ಬೆಚ್ಚಗಿದ್ದೇ ತಣ್ಣಗಾದ ಕನ್ನಡಿ

2021ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಸುದ್ದಿಮನೆಗಳಿಗೆ ಒಳ್ಳೆಯ ತಲೆಬರಹ ಒದಗಿಸಿತು. ಗುರುತ್ವ ಅಲೆಗಳನ್ನು ಹಿಡಿಯಲೆಂದು ಅಮೆರಿಕದಲ್ಲಿ ಕಟ್ಟಿರುವ ಲೈಗೊ ವೀಕ್ಷಣಾಲಯದಲ್ಲಿ ನಾಲ್ಕು ದೊಡ್ಡ ಕನ್ನಡಿಗಳು ತೂಗಾಡುತ್ತವೆ. ಒಂದೊಂದೂ 40 ಕಿಲೋ ತೂಕದ ಗಾಜಿನ ದಿಂಡು. ಈ ನಾಲ್ಕೂ ಸೇರಿ ಓಲಾಡುವ ಒಂದು ನಿರ್ದಿಷ್ಟ ಬಗೆಯನ್ನು ವಿಜ್ಞಾನಿಗಳು 77 ನ್ಯಾನೊಕೆಲ್ವಿನ್‌ಗೆ ಇಳಿಸಿದ್ದರು. ನಿರಪೇಕ್ಷ ಶೂನ್ಯಕ್ಕೂ ಅದಕ್ಕೂ ಇರುವ ಅಂತರ ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. ಓಲಾಟದ ಲೆಕ್ಕಕ್ಕೆ ಸಿಗುವ ಪರಿಣಾಮಕಾರಿ ದ್ರವ್ಯರಾಶಿ 10 ಕಿಲೋ. ಹಾಗಾಗಿ ‘ಹತ್ತು ಕಿಲೋ ವಸ್ತುವಿಗೆ ಶೂನ್ಯದಂಚಿನ ಚಳಿ’ ಎಂಬ ಧಾಟಿಯ ಸುದ್ದಿ ಎಲ್ಲೆಡೆ ಓಡಾಡಿತು.

ಆ ಹೊತ್ತಿನಲ್ಲಿ ಯಾರಾದರೂ ಆ ಕನ್ನಡಿಗೆ ಥರ್ಮಾಮೀಟರ್ ತಾಗಿಸಿದ್ದರೆ ಅದು ಕೋಣೆಯ ತಾಪಮಾನವನ್ನೇ ತೋರಿಸುತ್ತಿತ್ತು. ಗಾಜು ಒಂದು ಡಿಗ್ರಿಯಷ್ಟೂ ತಣ್ಣಗಾಗಿರಲಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಎರಡೂ ಅಳತೆಗಳು ನಿಜ. ಆದರೆ ಎರಡನ್ನೂ ಒಟ್ಟಿಗೆ ಹೇಳದೆ ಮೊದಲನೆಯದನ್ನಷ್ಟೇ ಮೆರೆಸುವುದರಿಂದ ಓದುಗನಿಗೆ ಅನ್ಯಾಯವಾಗುತ್ತದೆ, ಆ ಸಾಧನೆಗೂ ಅನ್ಯಾಯವಾಗುತ್ತದೆ ಎಂಬುದು ನನ್ನ ವಾದ. ಬೆಳಕಿನಿಂದ ವಸ್ತುಗಳ ಉಷ್ಣಚಲನೆಯನ್ನು ಹತೋಟಿಗೆ ತರುವ ಈ ವಿದ್ಯೆಯನ್ನು ಚಳಿಯ ದಾಖಲೆಗಳ ಪಟ್ಟಿಯಲ್ಲಿ ಸೇರಿಸಿದರೆ ಅದರಲ್ಲಿ ಹೊಸದೇನಿದೆ ಎಂಬುದೂ ಕಾಣುವುದಿಲ್ಲ, ಅದರ ಕೈಗೆ ಎಟುಕದ್ದು ಏನು ಎಂಬುದೂ ಕಾಣುವುದಿಲ್ಲ.

ಮೊದಲು ಶಾಖದ ವಿಚಾರ. ಒಂದು ಗಾಜಿನ ದಿಂಡು ನಮ್ಮ ಕಣ್ಣಿಗೆ ನಿಶ್ಚಲ. ಒಳಗೆ ಮಾತ್ರ ಪ್ರತಿ ಪರಮಾಣುವೂ ನಡುಗುತ್ತಿರುತ್ತದೆ. ಆ ನಡುಕವನ್ನು ಬೇರೆ ಬೇರೆ ಕಂಪನಗಳ ಮೊತ್ತವೆಂದು ಬಿಡಿಸಿ ನೋಡಬಹುದು: ಇಡೀ ದಿಂಡು ಲೋಲಕದಂತೆ ತೂಗುವುದು ಒಂದು, ಅದರ ಮುಖ ಉಬ್ಬಿ ತಗ್ಗುವುದು ಇನ್ನೊಂದು, ಹೀಗೆ ಪರಮಾಣುಗಳ ಸಂಖ್ಯೆಯ ಮೂರರಷ್ಟು ಬಗೆಗಳು. ಹತ್ತೊಂಬತ್ತನೆಯ ಶತಮಾನದ ಭೌತಶಾಸ್ತ್ರ ಕಂಡುಕೊಂಡ ಒಂದು ಸೊಗಸಾದ ನಿಯಮದ ಪ್ರಕಾರ, ಸಮತೋಲದಲ್ಲಿರುವ ವಸ್ತುವಿನಲ್ಲಿ ಶಾಖ ಈ ಎಲ್ಲ ಬಗೆಗಳಿಗೂ ಸಮಪಾಲು ಹಂಚುತ್ತದೆ. ನಲವತ್ತು ಕಿಲೋ ದಿಂಡಿನ ಓಲಾಟಕ್ಕೂ ಅಷ್ಟೇ, ನೀರಿನಲ್ಲಿ ತೇಲುವ ಪರಾಗದ ಚೂರಿಗೂ ಅಷ್ಟೇ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡು ಬೆರಗಾದ ಕುಣಿತಕ್ಕೆ 1905ರಲ್ಲಿ ಐನ್‌ಸ್ಟೈನ್ ಕೊಟ್ಟ ವಿವರಣೆಯ ತಿರುಳು ಇದೇ.

ಫ್ರಿಜ್ ಮಾಡುವುದು ಎಲ್ಲರ ಪಾಲನ್ನೂ ಒಟ್ಟಿಗೆ ಕಡಿಮೆ ಮಾಡುವ ಕೆಲಸ. ಬೆಳಕು ಹಾಗಲ್ಲ. ಅದು ಲೆಕ್ಕವಿಲ್ಲದಷ್ಟು ಕಂಪನಗಳ ನಡುವೆ ಒಂದನ್ನೇ ಆರಿಸಿ ಅದರ ಪಾಲನ್ನು ಮಾತ್ರ ಕಸಿಯುತ್ತದೆ. ಉಳಿದವು ಮೊದಲಿನಂತೆ ಬೆಚ್ಚಗಿರುತ್ತವೆ, ಬರಿದಾದ ತಮ್ಮ ನೆರೆಯವನಿಗೆ ಮತ್ತೆ ಶಾಖ ತುಂಬಿಸಲು ಸತತವಾಗಿ ಹವಣಿಸುತ್ತವೆ. ತುಂಬುವ ವೇಗಕ್ಕಿಂತ ಕಸಿಯುವ ವೇಗ ಹೆಚ್ಚಿದ್ದರೆ ಬೆಳಕಿಗೆ ಗೆಲುವು. ಲೈಗೊ ಕನ್ನಡಿಗಳನ್ನು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಶುದ್ಧ ಸಿಲಿಕಾ ಎಳೆಗಳಲ್ಲಿ ತೂಗುಹಾಕಿರುವುದು ಏಕೆಂದರೆ, ಆ ಎಳೆಗಳಲ್ಲಿ ಒಳಘರ್ಷಣೆ ತೀರ ಕಡಿಮೆ, ಓಲಾಟಕ್ಕೂ ಉಳಿದ ಜಗತ್ತಿಗೂ ನಡುವಿನ ಕೊಡುಕೊಳ್ಳುವಿಕೆ ಬಲು ನಿಧಾನ. ಪತ್ರಿಕೆಗಳಲ್ಲಿ ಲೇಸರ್‌ಗೆ ಸಿಗುವ ಹೊಗಳಿಕೆಯ ಅರ್ಧ ಪಾಲು ನ್ಯಾಯವಾಗಿ ಈ ಎಳೆಗಳಿಗೆ ಸಲ್ಲಬೇಕು.

ಬೆಳಕು ತಳ್ಳುತ್ತದೆ ಎಂಬುದು ಹಳೆಯ ಸಂಗತಿ. ಧೂಮಕೇತುವಿನ ಬಾಲ ಸೂರ್ಯನಿಂದ ದೂರಕ್ಕೆ ಚಾಚುವುದನ್ನು ಕಂಡು ಕೆಪ್ಲರ್ ಅದನ್ನು ಊಹಿಸಿದ. ಮ್ಯಾಕ್ಸ್‌ವೆಲ್ 1873ರಲ್ಲಿ ಲೆಕ್ಕ ಹಾಕಿ ತೋರಿಸಿದ. ಮಾಸ್ಕೋದ ಲೆಬೆಡೆವ್, ಅಮೆರಿಕದ ನಿಕೋಲ್ಸ್ ಮತ್ತು ಹಲ್ 1900ರ ಆಸುಪಾಸಿನಲ್ಲಿ ಅಳೆದೇ ಬಿಟ್ಟರು. ಒಂದು ವ್ಯಾಟ್ ಬೆಳಕು ಕನ್ನಡಿಗೆ ಬಡಿದು ಪೂರ್ತಿ ಹಿಂದಿರುಗಿದರೆ ಹುಟ್ಟುವ ಬಲ ಒಂದು ಮಿಲಿಗ್ರಾಂನ ಸಾವಿರದೊಂದು ಪಾಲಿನ ತೂಕಕ್ಕಿಂತಲೂ ಕಡಿಮೆ. ಇಷ್ಟು ದುರ್ಬಲವಾದದ್ದು ಉಷ್ಣಚಲನೆಗೆ ಮೂಗುದಾರ ಹಾಕೀತೇ? ಹಾಕಬಲ್ಲದು, ಆದರೆ ಬಲದಿಂದಲ್ಲ, ತಡದಿಂದ.

ಎರಡು ಕನ್ನಡಿಗಳನ್ನು ಎದುರುಬದುರು ನಿಲ್ಲಿಸಿ ನಡುವೆ ಲೇಸರ್ ಬಿಟ್ಟರೆ ಬೆಳಕು ಸಾವಿರಾರು ಸಲ ಹೋಗಿ ಬಂದು ಅಲ್ಲೇ ಶೇಖರವಾಗುತ್ತದೆ. ಎಷ್ಟು ಶೇಖರವಾಗುತ್ತದೆ ಎಂಬುದು ಕನ್ನಡಿಗಳ ನಡುವಿನ ದೂರವನ್ನು ನವಿರಾಗಿ ಅವಲಂಬಿಸಿದೆ. ಒಂದು ಕನ್ನಡಿ ತನ್ನ ಶಾಖದಿಂದ ಅಲುಗಿದರೆ ಬೆಳಕಿನ ಪ್ರಮಾಣವೂ ಏರಿಳಿಯುತ್ತದೆ, ಆದರೆ ತಕ್ಷಣ ಅಲ್ಲ. ತುಂಬಲು, ಖಾಲಿಯಾಗಲು ಅದಕ್ಕೆ ಕೊಂಚ ಹೊತ್ತು ಬೇಕು. ಲೇಸರ್‌ನ ಬಣ್ಣವನ್ನು ಸ್ವಲ್ಪ ಕೆಂಪಿನ ಕಡೆಗೆ ಸರಿಸಿಟ್ಟರೆ, ಕನ್ನಡಿ ಹೊರಕ್ಕೆ ಸರಿದಾಗ ಬೆಳಕು ಹೆಚ್ಚುತ್ತದೆ. ಹೆಚ್ಚುವುದು ತಡವಾದ್ದರಿಂದ ಹೊರಹೋಗುವಾಗ ಬೆನ್ನಿಗೆ ಸಿಗುವ ನೂಕು ಕಡಿಮೆ. ಮರಳುವಾಗ ಶೇಖರವಾದ ಬೆಳಕು ಇನ್ನೂ ಇಳಿದಿರುವುದಿಲ್ಲ, ಎದುರಿನ ಒತ್ತಡ ಜಾಸ್ತಿ. ಜೋಕಾಲಿ ತೂಗುವವರು ಸರಿಯಾದ ಗಳಿಗೆಗೆ ಕೈಹಚ್ಚಿದರೆ ಅದು ಮೇಲೇರುತ್ತದೆ, ಬರುವ ದಾರಿಯಲ್ಲಿ ಮೆಲ್ಲಗೆ ಅಂಗೈ ಒಡ್ಡಿದರೆ ಕೆಲವೇ ಸುತ್ತಿನಲ್ಲಿ ನಿಲ್ಲುತ್ತದೆ. ಇಲ್ಲಿ ಅಂಗೈ ಒಡ್ಡುವವರು ಯಾರೂ ಇಲ್ಲ. ಬೆಳಕಿನ ಸೋಮಾರಿತನವೇ ಆ ಕೆಲಸ ಮಾಡುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರು ಮಾಸ್ಕೋ ವಿಶ್ವವಿದ್ಯಾಲಯದ ವ್ಲಾದಿಮಿರ್ ಬ್ರಗಿನ್‌ಸ್ಕಿ. 1960ರ ದಶಕದ ಕೊನೆಯಲ್ಲಿ ಸಿದ್ಧಾಂತ ಮಂಡಿಸಿ, 1970ರಲ್ಲಿ ಬೆಳಕಿನದೇ ಕುಲದ ಮೈಕ್ರೊವೇವ್ ಬಳಸಿ ಪ್ರಯೋಗದಲ್ಲೂ ತೋರಿಸಿದರು. ಅವರಿಗೆ ಬೇಕಿದ್ದುದು ತಂಪಲ್ಲ. ಗುರುತ್ವ ಅಲೆಗಳನ್ನು ಅಳೆಯುವ ಸಾಧನದ ಮೇಲೆ ಅಳೆಯುವ ಕ್ರಿಯೆಯೇ ಏನು ಪರಿಣಾಮ ಬೀರುತ್ತದೆ ಎಂಬ ಆತಂಕ ಅವರದಾಗಿತ್ತು. ಆ ಆತಂಕ ಸಕಾರಣವೂ ಆಗಿತ್ತು. ತಡದ ದಿಕ್ಕು ತಿರುಗುಮುರುಗಾದರೆ ಬೆಳಕು ಕಂಪನವನ್ನು ತಣಿಸುವ ಬದಲು ಉಬ್ಬಿಸುತ್ತದೆ. ಲೈಗೊದ ಲಿವಿಂಗ್‌ಸ್ಟನ್ ಕೇಂದ್ರದಲ್ಲಿ ಲೇಸರ್ ಶಕ್ತಿಯನ್ನು ಏರಿಸಿದಾಗ ಕನ್ನಡಿಯ ಸುಮಾರು 15 ಕಿಲೋಹರ್ಟ್ಸ್‌ನ ಒಂದು ಕಂಪನ ತಾನಾಗಿ ಬೆಳೆಯತೊಡಗಿ ಯಂತ್ರವನ್ನೇ ಹತೋಟಿ ತಪ್ಪಿಸಿತು. ಕನ್ನಡಿಯ ಅಂಚಿಗೆ ಹದವಾಗಿ ಶಾಖ ಕೊಟ್ಟು ಅದರ ಆಕಾರವನ್ನು ಕೂದಲೆಳೆಯಷ್ಟೂ ಅಲ್ಲದ ಮಟ್ಟಿಗೆ ಬದಲಿಸಿ ಅದನ್ನು ಅಡಗಿಸಬೇಕಾಯಿತು. ಒಂದು ಕಡೆ ಕಂಪನವನ್ನು ಶಮನಗೊಳಿಸಲು ಬೆಳಕು, ಇನ್ನೊಂದು ಕಡೆ ಬೆಳಕು ಎಬ್ಬಿಸಿದ ಕಂಪನವನ್ನು ಶಮನಗೊಳಿಸಲು ಶಾಖ! ತಂಪಿನ ದಾಖಲೆಯ ಕಥನದಲ್ಲಿ ಈ ಪ್ರಸಂಗಕ್ಕೆ ಜಾಗ ಸಿಗುವುದಿಲ್ಲ. ಹತೋಟಿಯ ಕಥನದಲ್ಲಿ ಅದು ನಟ್ಟನಡುವೆ ಬರುತ್ತದೆ.

ಈಗ ಓದುಗನಿಗೆ ಒಂದು ಸಂಶಯ ಬರಬೇಕು. ಘರ್ಷಣೆಯಿಂದ ಚಲನೆ ಕುಗ್ಗುವುದು ಹೊಸತೇನಲ್ಲ. ಗಾಳಿಯಲ್ಲಿ ತೂಗುವ ಲೋಲಕವೂ ನಿಲ್ಲುತ್ತದೆ. ಆದರೆ ಅದು ಕೋಣೆಯ ತಾಪಮಾನಕ್ಕಿಂತ ತಣ್ಣಗಾಗುವುದಿಲ್ಲ, ಏಕೆಂದರೆ ನಿಲ್ಲಿಸುವ ಅದೇ ಗಾಳಿಯ ಅಣುಗಳು ಎರ್ರಾಬಿರ್ರಿ ಬಡಿದು ಮತ್ತೆ ಅಲುಗಿಸುತ್ತವೆ. ಕುಗ್ಗಿಸುವುದೂ ಕೆಣಕುವುದೂ ಒಂದೇ ಕೈಯ ಎರಡು ಕೆಲಸ. ಇದರಿಂದ ಪಾರಾಗಲು ಸಾಧ್ಯವಿಲ್ಲ. ಬೆಳಕಿನಲ್ಲಿ ತೇಲುವ ಕನ್ನಡಿಗೂ ಘರ್ಷಣೆ ಮತ್ತು ಕೆಣಕು ಎರಡೂ ಉಂಟೆಂದು 1909ರಲ್ಲೇ ಐನ್‌ಸ್ಟೈನ್ ಲೆಕ್ಕ ಹಾಕಿದ್ದ. ಹಾಗಿದ್ದ ಮೇಲೆ ಲೇಸರ್‌ನ ಘರ್ಷಣೆ ಮಾತ್ರ ಹೇಗೆ ತಣ್ಣಗೆ?

ಉತ್ತರ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಚೆಲುವಾದ ಭಾಗ. ಲೇಸರ್ ಕಬ್ಬಿಣ ಕೊಯ್ಯಬಲ್ಲದು, ಅದನ್ನು ನಾವು ಬಿಸಿಯ ಸಂಕೇತವೆಂದೇ ತಿಳಿದಿದ್ದೇವೆ. ಆದರೆ ಕಂಪನದ ಕಣ್ಣಿನಲ್ಲಿ ಅದು ನಿರಪೇಕ್ಷ ಶೂನ್ಯಕ್ಕೆ ಸಮೀಪದ ಪರಿಸರ. ಒಂದು ಮೈಕ್ರೊಮೀಟರ್ ಆಸುಪಾಸಿನ ತರಂಗಾಂತರದ ಬೆಳಕಿನ ಒಂದು ಫೋಟಾನ್ ತಾನಾಗಿ ಹುಟ್ಟಬೇಕಾದರೆ ವಸ್ತು ಸಾವಿರಾರು ಡಿಗ್ರಿ ಕಾಯ್ದಿರಬೇಕು. 300 ಕೆಲ್ವಿನ್‌ನ ನಮ್ಮ ಕೋಣೆಗಳಲ್ಲಿ ಅಂಥ ಫೋಟಾನ್ ಉಷ್ಣದಿಂದ ಹುಟ್ಟುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಆ ಬಣ್ಣದ ಬೆಳಕಿನಲ್ಲಿ ಉಷ್ಣದ ಗದ್ದಲವೆಂಬುದೇ ಇಲ್ಲ. ಒಳ್ಳೆಯ ಲೇಸರ್ ಎಷ್ಟು ಪ್ರಖರವಾಗಿದ್ದರೂ ಅಷ್ಟೇ ಶಿಸ್ತಿನದು. ಕಂಪನದಿಂದ ಶಕ್ತಿಯನ್ನೂ ಅವ್ಯವಸ್ಥೆಯನ್ನೂ ಹೊತ್ತು ಹೊರಗೆ ಹೋಗುವ ಬೆಳಕು, ಒಳಗೆ ಬರುವಾಗ ಏನನ್ನೂ ತರುವುದಿಲ್ಲ. ಉಷ್ಣಶಾಸ್ತ್ರದ ಎರಡನೆಯ ನಿಯಮಕ್ಕೂ ಧಕ್ಕೆಯಿಲ್ಲ, ಕನ್ನಡಿ ಕಳೆದುಕೊಂಡ ಗಲಿಬಿಲಿ ಹೊರಹೋದ ಬೆಳಕಿನಲ್ಲಿ ಸುರಕ್ಷಿತವಾಗಿರುತ್ತದೆ.

ಇದಕ್ಕೆ ನಮಗೆ ಪರಿಚಯದ ಇನ್ನೊಂದು ಮುಖವೂ ಇದೆ. ಕಂಪಿಸುವ ವಸ್ತುವಿಗೆ ಒಂದೇ ಬಣ್ಣದ ಬೆಳಕು ಬಡಿದರೆ ಚದುರಿ ಬರುವ ಬೆಳಕಿನಲ್ಲಿ ಮೂಲ ಬಣ್ಣದ ಎರಡೂ ಪಕ್ಕಗಳಲ್ಲಿ ಹೊಸ ಬಣ್ಣಗಳು ಸೇರಿಕೊಳ್ಳುತ್ತವೆ. ಕಂಪನಕ್ಕೆ ಶಕ್ತಿ ಕೊಟ್ಟು ಬಂದದ್ದು ಕೆಂಪಿನ ಕಡೆಗೆ, ಅದರಿಂದ ಶಕ್ತಿ ಪಡೆದು ಬಂದದ್ದು ನೀಲಿಯ ಕಡೆಗೆ. 1928ರಲ್ಲಿ ಕೋಲ್ಕತ್ತದಲ್ಲಿ ಸಿ. ವಿ. ರಾಮನ್ ದ್ರವಗಳ ಅಣುಗಳಲ್ಲಿ ಕಂಡದ್ದು ಇದೇ ವಿದ್ಯಮಾನ. ಅದನ್ನೇ ಬೆನ್ನುಹತ್ತಿದ ಕೆಲಸ 1933ರ ನಂತರ ಬೆಂಗಳೂರಿನಲ್ಲಿ ದಶಕಗಳ ಕಾಲ ನಡೆಯಿತು. ಅಣುಗಳಲ್ಲಿ ಸಾಮಾನ್ಯವಾಗಿ ನೀಲಿಯ ರೇಖೆ ಕ್ಷೀಣ, ಏಕೆಂದರೆ ಕೊಡಲು ಶಕ್ತಿ ಇರುವ ಅಣುಗಳೇ ಕಡಿಮೆ. ಎದುರುಬದುರು ಕನ್ನಡಿಗಳ ನಡುವಿನ ಜಾಗವನ್ನು ನೀಲಿಯ ಬಣ್ಣಕ್ಕೆ ಶ್ರುತಿ ಮಾಡಿಟ್ಟರೆ ಶಕ್ತಿ ಹೊತ್ತೊಯ್ಯುವ ಚದುರುವಿಕೆಗೇ ಪ್ರೋತ್ಸಾಹ ಸಿಗುತ್ತದೆ, ಕಂಪನ ಒಂದೊಂದೇ ಕಣವಾಗಿ ಬರಿದಾಗುತ್ತದೆ. ಎಲ್ಲ ಬರಿದಾದಾಗ ನೀಲಿ ರೇಖೆ ಮಾಯವಾಗುತ್ತದೆ, ಕೆಂಪು ಉಳಿಯುತ್ತದೆ. ಎರಡರ ಅನುಪಾತವೇ ಥರ್ಮಾಮೀಟರ್. ಇದಕ್ಕಿಂತ ಪ್ರಾಮಾಣಿಕ ಥರ್ಮಾಮೀಟರ್ ನನಗೆ ಗೊತ್ತಿಲ್ಲ, ಏಕೆಂದರೆ ಅದು ಯಾವ ಚಲನೆಯ ತಾಪಮಾನ ಹೇಳುತ್ತಿದೆ ಎಂಬುದನ್ನೂ ಜೊತೆಯಲ್ಲೇ ಹೇಳುತ್ತದೆ.

ಗುರಿ ಮುಟ್ಟಿದ ಕಥೆಯನ್ನು ಬೇಗ ಮುಗಿಸುತ್ತೇನೆ. ಪರಮಾಣುಗಳನ್ನು ಲೇಸರ್‌ನಿಂದ ತಣಿಸುವ ವಿದ್ಯೆ 1975ರ ಪ್ರಸ್ತಾಪಗಳಿಂದ ಹೊರಟು 1997ರಲ್ಲಿ ಚು, ಕೊಹೆನ್-ತನ್ನೂಜಿ, ಫಿಲಿಪ್ಸ್ ಅವರ ನೊಬೆಲ್‌ಗೆ ಮುಟ್ಟಿತು. ಪರಮಾಣುಗಳಿಗೆ ಪ್ರಕೃತಿಯೇ ನಿಗದಿಮಾಡಿದ ಬಣ್ಣವಿದೆ, ಕನ್ನಡಿಗೆ ಇಲ್ಲ, ಅದನ್ನು ಕಟ್ಟಿಕೊಡಬೇಕು. 2006ರಲ್ಲಿ ಪ್ಯಾರಿಸ್, ವಿಯೆನ್ನಾ, ಗಾರ್ಚಿಂಗ್ ಪ್ರಯೋಗಶಾಲೆಗಳು ಬಿಡಿಬಿಡಿಯಾಗಿ ಬೆಳಕಿನ ಒತ್ತಡದಿಂದಲೇ ಪುಟ್ಟ ಯಾಂತ್ರಿಕ ಕಂಪನಗಳನ್ನು ತಣಿಸಿದವು. 2011ರಲ್ಲಿ ಬೌಲ್ಡರ್‌ನ ಎನ್‌ಐಎಸ್‌ಟಿಯಲ್ಲಿ 15 ಮೈಕ್ರೊಮೀಟರ್ ಅಗಲದ ಅಲ್ಯೂಮಿನಿಯಂ ತಮಟೆಯೊಂದು ಮೈಕ್ರೊವೇವ್‌ನಿಂದ ತನ್ನ ತಳಸ್ಥಿತಿಗೆ, ಅಂದರೆ ಕ್ವಾಂಟಮ್ ನಿಯಮ ಬಿಡುವ ಅತಿ ಕಡಿಮೆ ಚಲನೆಯ ಸ್ಥಿತಿಗೆ, ಇಳಿಯಿತು. ಸರಾಸರಿ ಅರ್ಧ ಕ್ವಾಂಟಮ್‌ಗಿಂತ ಕಡಿಮೆ ಶಕ್ತಿ ಉಳಿದಿತ್ತು. ಅದೇ ವರ್ಷ ಕ್ಯಾಲ್‌ಟೆಕ್‌ನವರು ಬೆಳಕಿನಿಂದಲೇ ಒಂದು ಸಿಲಿಕಾನ್ ಪಟ್ಟಿಯನ್ನು ಅಲ್ಲಿಗೆ ತಂದರು. ನ್ಯಾಯಕ್ಕೆ ಹೇಳಬೇಕೆಂದರೆ, ಅದಕ್ಕೂ ಒಂದು ವರ್ಷ ಮೊದಲು ಸಾಂಟಾ ಬಾರ್ಬರಾದಲ್ಲಿ ಕ್ಲೆಲ್ಯಾಂಡ್ ಮತ್ತು ಮಾರ್ಟಿನಿಸ್ ಅವರ ತಂಡ ಬೆಳಕಿಲ್ಲದೆ, ಬರೀ ಶಕ್ತಿಶಾಲಿ ಫ್ರಿಜ್‌ನಿಂದ ಈ ಸ್ಥಿತಿ ಸಾಧಿಸಿತ್ತು. ಅವರ ಕಂಪನ ಸೆಕೆಂಡಿಗೆ 600 ಕೋಟಿ ಸಲದ್ದಾಗಿದ್ದರಿಂದ ಫ್ರಿಜ್ ಸಾಕಾಯಿತು. ನಿಧಾನವಾಗಿ ತೂಗುವ ಭಾರದ ವಸ್ತುಗಳಿಗೆ ಅಷ್ಟು ಚಳಿಯ ಫ್ರಿಜ್ ಇಲ್ಲವೇ ಇಲ್ಲ. ಅಲ್ಲಿ ಬೆಳಕು ಅನಿವಾರ್ಯ.

ಲೈಗೊದ ದಾರಿ ಬೇರೆ. ಅಲ್ಲಿ ಬೆಳಕು ನೋಡುವ ಕೆಲಸವನ್ನಷ್ಟೇ ಮಾಡಿತು. ಕನ್ನಡಿ ಎಷ್ಟು ಸರಿಯಿತೆಂದು ಲೇಸರ್ ಅಳೆದು ಹೇಳುತ್ತದೆ, ವಿದ್ಯುತ್ ಬಲ ಅದನ್ನು ಮರಳಿ ತಳ್ಳುತ್ತದೆ. 1999ರಲ್ಲಿ ಪ್ಯಾರಿಸ್‌ನ ಕೊಹದೊಂ, ಹೈಡ್‌ಮನ್, ಪಿನಾರ್ ಇದೇ ಉಪಾಯವನ್ನು ಮಾಡಿದಾಗ ನೋಡಲು ಒಂದು ಬೆಳಕು, ತಳ್ಳಲು ಇನ್ನೊಂದು ಬೆಳಕು ಬಳಸಿದ್ದರು. ಇದು ಮ್ಯಾಕ್ಸ್‌ವೆಲ್ ಕಲ್ಪಿಸಿದ ಭೂತದ ಕೆಲಸವೇ: ಚಲನೆಯನ್ನು ತಿಳಿದುಕೊಂಡು, ಆ ತಿಳಿವಿನಿಂದಲೇ ಅದನ್ನು ಅಡಗಿಸುವುದು.

ಇಲ್ಲಿ ಕೆಲವರ ಆಕ್ಷೇಪ ಉಂಟು: ಇದು ತಣಿಸುವುದೇ ಅಲ್ಲ, ಗದ್ದಲ ಅಡಗಿಸುವ ಹೆಡ್‌ಫೋನ್‌ನ ಜಾಣ್ಮೆ ಅಷ್ಟೇ ಎಂದು. ಆಕ್ಷೇಪದಲ್ಲಿ ಒಂದು ನಿಜವಾದ ಎಚ್ಚರಿಕೆಯಿದೆ. ಅಳೆಯುವ ಸಾಧನಕ್ಕೆ ತನ್ನದೇ ಗದ್ದಲವಿದ್ದು, ಮರುತಳ್ಳುವಿಕೆ ತೀರ ಬಿರುಸಾಗಿದ್ದರೆ, ಸಾಧನದ ತೆರೆಯ ಮೇಲೆ ಎಲ್ಲ ಶಾಂತವಾಗಿ ಕಾಣುತ್ತದೆ. ಕನ್ನಡಿ ಮಾತ್ರ ಮೊದಲಿಗಿಂತ ಜೋರಾಗಿ ಅಲುಗುತ್ತಿರುತ್ತದೆ. ತನ್ನ ವರದಿಯನ್ನು ತಾನೇ ತಿದ್ದಿಕೊಂಡ ಗುಮಾಸ್ತನ ಕಡತ ಅದು. ಇಂಥ ಪ್ರಯೋಗದಲ್ಲಿ ಬೇರೊಂದು ಸ್ವತಂತ್ರ ಅಳತೆಯೋ ಸಾಧನದ ಗದ್ದಲದ ಕಟ್ಟುನಿಟ್ಟಾದ ಲೆಕ್ಕವೋ ಇಲ್ಲದಿದ್ದರೆ ಹೇಳಿದ ತಾಪಮಾನವನ್ನು ನಂಬಬೇಕಾಗಿಲ್ಲ. ಆದರೆ ಅಳತೆ ಪ್ರಕೃತಿ ಬಿಡುವ ಮಿತಿಯ ಹತ್ತಿರದಷ್ಟು ಸೂಕ್ಷ್ಮವಾಗಿದ್ದಾಗ ಆಕ್ಷೇಪ ಬಿದ್ದುಹೋಗುತ್ತದೆ. ಗಲಿಬಿಲಿ ನಿಜಕ್ಕೂ ಕನ್ನಡಿಯಿಂದ ಹೊರಬಂದು ಅಳತೆಯ ದಾಖಲೆಗೆ ಸೇರಿರುತ್ತದೆ. ಲೈಗೊದಲ್ಲಿ ಕೊನೆಗೆ ಉಳಿದದ್ದು ಸರಾಸರಿ 10.8 ಕ್ವಾಂಟಮ್. ಬೌಲ್ಡರ್‌ನ ತಮಟೆಯ ಪಕ್ಕದಲ್ಲಿ ಅದು ದೊಡ್ಡ ಅಂಕಿ, ಹತ್ತು ಕಿಲೋ ತೂಕದ ಪಕ್ಕದಲ್ಲಿ ನಂಬಲಾಗದಷ್ಟು ಸಣ್ಣದು.

ಹಾಗಾದರೆ ‘ತಣಿಸಿದರು’ ಎಂಬ ಮಾತಿನಲ್ಲಿ ತಪ್ಪೇನು? ಪರೀಕ್ಷಿಸಲು ಒಂದು ನೇರ ಪ್ರಶ್ನೆ ಇದೆ: ಇಷ್ಟು ತಣಿದ ಕನ್ನಡಿ ಗುರುತ್ವ ಅಲೆಗಳನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆಯೇ? ಹಿಡಿಯುವುದಿಲ್ಲ. ಮರುತಳ್ಳುವಿಕೆಯು ಶಾಖದ ಅಲುಗಾಟವನ್ನು ಅಡಗಿಸುವಷ್ಟೇ ಸಮವಾಗಿ ಅಲೆ ತಂದ ಅಲುಗಾಟವನ್ನೂ ಅಡಗಿಸುತ್ತದೆ. ಎಳೆಗಳ ಮೂಲಕ, ಕನ್ನಡಿಯ ಲೇಪನದ ಮೂಲಕ ಬಡಿಯುವ ಉಷ್ಣದ ಬಲ ಮೊದಲಿನಷ್ಟೇ ಇರುತ್ತದೆ. ಜಪಾನಿನ ಕಮಿಯೋಕ ಗಣಿಯೊಳಗೆ ಕಟ್ಟಿರುವ ಕಾಗ್ರಾ ವೀಕ್ಷಣಾಲಯವನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಕನ್ನಡಿಗಳು ಗಾಜಿನವಲ್ಲ, ನೀಲಮಣಿಯ ಹರಳಿನವು. ಅವನ್ನು ನಿಜವಾಗಿಯೂ, ಅಂದರೆ ಒಂದೊಂದು ಪರಮಾಣುವಿನ ಸಮೇತ, ಸುಮಾರು 20 ಕೆಲ್ವಿನ್‌ಗೆ ಇಳಿಸುವುದು ಅವರ ಯೋಜನೆ. 77 ನ್ಯಾನೊಕೆಲ್ವಿನ್ ಎಲ್ಲಿ, 20 ಕೆಲ್ವಿನ್ ಎಲ್ಲಿ! ಆದರೂ ಉಷ್ಣದ ಗದ್ದಲವನ್ನು ಬುಡದಲ್ಲೇ ತಗ್ಗಿಸುವುದು ಎರಡನೆಯದೇ, ಹಾಗಾಗಿಯೇ ಜಪಾನಿನವರು ಶೈತ್ಯಯಂತ್ರಗಳ ಕಿರಿಕಿರಿಯನ್ನೆಲ್ಲ ಮೈಮೇಲೆ ಎಳೆದುಕೊಂಡಿದ್ದಾರೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಏಳಲಿರುವ ಲೈಗೊ-ಇಂಡಿಯಾಕ್ಕೆ ಬರುವುದು ಅಮೆರಿಕದ ಮಾದರಿಯ ಬೆಚ್ಚನೆಯ ಕನ್ನಡಿಗಳು. ತೆರಿಗೆದಾರರ ದುಡ್ಡಿನ ಬಗ್ಗೆ ಚರ್ಚೆ ನಡೆದಾಗ ಯಾರಾದರೂ ಚಳಿಯ ದಾಖಲೆಯನ್ನು ಸಮರ್ಥನೆಯಾಗಿ ತಂದರೆ, ಆ ಎರಡಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನಮಗಿರಬೇಕು.

ಮತ್ತೆ ಇದೆಲ್ಲ ಏತಕ್ಕೆ? ದೊಡ್ಡ ವಸ್ತುವಿನ ಕ್ವಾಂಟಮ್ ಸ್ವಭಾವವನ್ನು ಶಾಖದ ಗದ್ದಲ ಮುಚ್ಚಿಹಾಕಿದೆ, ಆ ಮುಸುಕನ್ನು ಸರಿಸಲು ಎಂಬ ಉತ್ತರ ಸರಿಯಾದದ್ದು, ಆದರೆ ಅಲ್ಲೂ ಮಾತು ಹಿಡಿತದಲ್ಲಿರಬೇಕು. ಕಂಪನವನ್ನು ತಳಸ್ಥಿತಿಗೆ ತರುವುದು ಒಂದು ಆರಂಭ. ಒಂದು ವಸ್ತು ಏಕಕಾಲಕ್ಕೆ ಎರಡು ಕಡೆ ಇದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಅದಕ್ಕೂ ಮುಂದೆ ಹೋದ ಕೆಲಸಗಳೂ ಇವೆ. 2021ರಲ್ಲಿ ಬೌಲ್ಡರ್‌ನ ಎರಡು ತಮಟೆಗಳ ಕಂಪನಗಳನ್ನು ಕ್ವಾಂಟಮ್ ಹೆಣಿಗೆಯಲ್ಲಿ ಸೇರಿಸಿದ್ದು ನನ್ನ ಲೆಕ್ಕದಲ್ಲಿ ಯಾವ ಚಳಿಯ ದಾಖಲೆಗಿಂತಲೂ ದೊಡ್ಡದು, ಸದ್ದು ಮಾತ್ರ ಅಷ್ಟಾಗಲಿಲ್ಲ.

ಬೆಳಕಿಗೂ ತನ್ನದೇ ಮಿತಿಯಿದೆ. ಫೋಟಾನ್‌ಗಳು ಸಮಗತಿಯಲ್ಲಿ ಬರುವುದಿಲ್ಲ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಆ ಏರುಪೇರು ಕನ್ನಡಿಯನ್ನು ತಳ್ಳಾಡುತ್ತದೆ. ಬ್ರಗಿನ್‌ಸ್ಕಿ ಭಯಪಟ್ಟ ಈ ಪ್ರತಿಪರಿಣಾಮವನ್ನು 2013ರಲ್ಲಿ ಬೌಲ್ಡರ್‌ನವರು ತೆಳುಪೊರೆಯೊಂದರ ಮೇಲೆ ಕಂಡರು, 2020ರಲ್ಲಿ ಲೈಗೊದ 40 ಕಿಲೋ ಕನ್ನಡಿಗಳ ಮೇಲೂ ಅದರ ಗುರುತು ಸಿಕ್ಕಿತು.

ಈ ಮಿತಿ ಎಲ್ಲಿಗೆ ಒಯ್ಯುತ್ತದೆಂದು ವಿಯೆನ್ನಾದ ಪ್ರಯೋಗ ತೋರಿಸುತ್ತದೆ. 2020ರಲ್ಲಿ ಅಲ್ಲಿ 143 ನ್ಯಾನೊಮೀಟರ್ ವ್ಯಾಸದ, ಸುಮಾರು ಹತ್ತು ಕೋಟಿ ಪರಮಾಣುಗಳ ಗಾಜಿನ ಗುಂಡೊಂದನ್ನು ನಿರ್ವಾತದಲ್ಲಿ ಲೇಸರ್‌ನಿಂದಲೇ ತೇಲಿಸಿ, ಒಂದು ದಿಕ್ಕಿನಲ್ಲಿ ಅದರ ಓಲಾಟವನ್ನು 12 ಮೈಕ್ರೊಕೆಲ್ವಿನ್‌ಗೆ, ತಳಸ್ಥಿತಿಗೆ, ತಂದರು. ಎಳೆಯಿಲ್ಲ, ಹಿಡಿಯಿಲ್ಲ. ಹೀಗೆ ತೇಲುವ ಗುಂಡಿನ ಒಳಗಿನ ಪರಮಾಣುಗಳು ಕೋಣೆಯಷ್ಟು, ಲೇಸರ್ ಹೀರಿ ಅದಕ್ಕಿಂತಲೂ ಹೆಚ್ಚು, ಬಿಸಿ. ತಳಸ್ಥಿತಿಯಲ್ಲಿ ಆ ಗುಂಡಿನ ಇರುವಿಕೆ ಹರಡಿಕೊಂಡಿರುವುದು ಕೆಲವೇ ಪಿಕೊಮೀಟರ್‌ಗಳಷ್ಟು, ಅದರ ಗಾತ್ರದ ಹತ್ತಾರು ಸಾವಿರದೊಂದು ಪಾಲು. ಅದು ಎರಡು ಕಡೆ ಇದೆ ಎಂದು ಅರ್ಥಪೂರ್ಣವಾಗಿ ಹೇಳಬೇಕಾದರೆ ಆ ಹರವು ಗುಂಡಿನ ಗಾತ್ರದಷ್ಟಾದರೂ ಬೆಳೆಯಬೇಕು. ಲೇಸರ್ ಉರಿಯುತ್ತಿರುವಷ್ಟು ಹೊತ್ತು ಅದು ಬೆಳೆಯುವುದಿಲ್ಲ, ಚದುರುವ ಪ್ರತಿ ಫೋಟಾನ್ ಗುಂಡು ಎಲ್ಲಿದೆಯೆಂಬ ಸುಳಿವನ್ನು ಹೊರಕ್ಕೆ ಒಯ್ಯುತ್ತದೆ. ಲೇಸರ್ ಆರಿಸಿದರೆ ಆ ತೊಂದರೆ ತಪ್ಪೀತು. ಆದರೆ ಬಿಸಿಯಾದ ಗುಂಡು ತಾನೇ ಸೂಸುವ ಶಾಖದ ಕಿರಣಗಳೂ ಅದೇ ಸುಳಿವನ್ನು ಕೊಡುತ್ತವೆ, ಸುತ್ತಲಿನ ಅಲ್ಪಸ್ವಲ್ಪ ಗಾಳಿಯ ಅಣುಗಳೂ ಕೊಡುತ್ತವೆ. ಒಂದೇ ಚಲನೆಯನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವ ಜಾಣತನ ಇಲ್ಲಿ ಸಾಲದಾಗುತ್ತದೆ. ಆದ್ದರಿಂದಲೇ ಜ್ಯೂರಿಕ್‌ನ ಇಟಿಎಚ್‌ನವರು ತಮ್ಮ ಗುಂಡಿನ ಸುತ್ತಲಿನ ಪರಿಸರವನ್ನೇ ಶೈತ್ಯಯಂತ್ರದಿಂದ ಇಳಿಸಿ 2021ರಲ್ಲಿ ಪ್ರಯೋಗ ನಡೆಸಿದರು. ಬೇರೆ ಕೆಲವು ತಂಡಗಳು ಗುಂಡನ್ನು ಬೆಳಕಿನ ಬದಲು ವಿದ್ಯುತ್ ಕ್ಷೇತ್ರದ ಬಲೆಯಲ್ಲಿ ಹಿಡಿದಿಡುವ ಕೆಲಸಕ್ಕೆ ಕೈಹಾಕಿವೆ.